ಗುರಾಣಿಯೋ, ಎರಡು ಕೈಯ ಕತ್ತಿಯೋ? ವಾರ್‌ಬ್ಯಾಂಡ್ ಆಡುವವರಿಗೆ ಒಂದು ಮಾರ್ಗದರ್ಶಿ

ವಾರ್‌ಬ್ಯಾಂಡ್ ಅನ್ನೋ ಕತ್ತಿಯುದ್ಧದ ಕಂಪ್ಯೂಟರ್ ಆಟವನ್ನು ಆನ್‌ಲೈನ್‌ನಲ್ಲಿ ಆಡಲು ಕೂತಾಗ ನಾನು ಮೊದಲು ಕೊಂಡ ಆಯುಧ ಒಂದು ದೊಡ್ಡ ಕೊಡಲಿ. ನೋಡೋಕೆ ಭರ್ಜರಿಯಾಗಿತ್ತು, ಅದಕ್ಕೇ ಕೊಂಡಿದ್ದು. ಮೊದಲ ರೌಂಡ್‌ನಲ್ಲಿ ಮೂರು ಸಲ ಬೀಸಿದೆ. ಎರಡು ಏಟು ನಮ್ಮ ಟೀಮಿನವರಿಗೇ ಬಿತ್ತು. ಮೂರನೆಯದು ಎದುರಿನವನ ಗುರಾಣಿಗೆ ಟಣ್ ಅಂತ ತಗುಲಿತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಬಾಣ ಬಂತು, ಸತ್ತೆ. ಎರಡನೇ ರೌಂಡ್ ಮುಗಿಯುವ ಮೊದಲೇ ಸರ್ವರ್‌ನಿಂದ ನನ್ನನ್ನು ಆಚೆ ಹಾಕಿದ್ದರು.

ಮಾರನೇ ದಿನ ಗುರಾಣಿ ಹಿಡಿದೆ. ಜಾಸ್ತಿ ಹೊತ್ತು ಬದುಕಿದೆ, ಆದರೆ ಯಾರನ್ನೂ ಕೊಲ್ಲಲಿಲ್ಲ. ಚಾಟ್‌ನಲ್ಲಿ ಒಬ್ಬ "ಬಾಗಿಲು ಹಿಡ್ಕೊಂಡು ಓಡಾಡ್ತಿದ್ದಾನೆ" ಅನ್ನೋ ಅರ್ಥದಲ್ಲಿ ಏನೋ ಬರೆದ. ಈ ಜಗಳ ಇಂಥ ಆಟಗಳಲ್ಲಿ ಯಾವತ್ತೂ ಇದ್ದದ್ದೇ. ಕೊಡಲಿ ಹಿಡಿದವರಿಗೆ ಗುರಾಣಿಯವರು ಹೇಡಿಗಳು. ಗುರಾಣಿಯವರಿಗೆ ಕೊಡಲಿಯವರು ಕಣ್ಣುಮುಚ್ಚಿ ಬೀಸುವವರು. ಎರಡನ್ನೂ ಹಲವು ವರ್ಷ ಹಿಡಿದು ಆಡಿದ ಮೇಲೆ, ಯಾವುದನ್ನು ಯಾವಾಗ ಹಿಡಿಯಬೇಕು, ಎದುರಿಗೆ ಇನ್ನೊಂದು ಬಂದಾಗ ಏನು ಮಾಡಬೇಕು ಅಂತ ಇಲ್ಲಿ ಹೇಳುತ್ತಿದ್ದೇನೆ. ಗೆಳೆಯರ ಜೊತೆ ಸ್ವಂತ ಸರ್ವರ್ ನಡೆಸುವವರಿಗೂ ಕೊನೆಯಲ್ಲಿ ಒಂದಿಷ್ಟು ಇದೆ.

ನಾನು ಉದಾಹರಣೆಗೆ ಇಟ್ಟುಕೊಂಡಿರುವುದು ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್. ಟರ್ಕಿಯ ಅಂಕಾರಾದ ಟೇಲ್‌ವರ್ಲ್ಡ್ಸ್ ಕಂಪನಿ 2010ರಲ್ಲಿ ಬಿಟ್ಟ ಆಟ. ಹಳೆಯದು, ಚಿತ್ರವೂ ಅಷ್ಟಕ್ಕಷ್ಟೇ. ಆದರೆ ಗುರಾಣಿ ಮತ್ತು ಎರಡು ಕೈಯ ಆಯುಧದ ಲೆಕ್ಕ ಇದರಲ್ಲಿ ಕಾಣುವಷ್ಟು ಬಿಚ್ಚಿಟ್ಟ ಹಾಗೆ ಬೇರೆ ಕಡೆ ಕಾಣುವುದಿಲ್ಲ. ಇಲ್ಲಿ ಕಲಿತರೆ ಬ್ಯಾನರ್‌ಲಾರ್ಡ್, ಮೋರ್ಡ್‌ಹೌ, ಫಾರ್ ಆನರ್ ಥರದ ಬೇರೆ ಕತ್ತಿಯುದ್ಧದ ಆಟಗಳಿಗೂ ಕಣ್ಣು ತೆರೆಯುತ್ತದೆ.

ಹೆಜ್ಜೆ 1: ಗುರಾಣಿ ಏನನ್ನು ಉಳಿಸಿಕೊಡುತ್ತದೆ ಅಂತ ನೋಡಿ

ವಾರ್‌ಬ್ಯಾಂಡ್‌ನಲ್ಲಿ ಏಟು ನಾಲ್ಕು ದಿಕ್ಕಿನಿಂದ ಬರುತ್ತದೆ. ಮೇಲಿನಿಂದ, ಎಡದಿಂದ, ಬಲದಿಂದ, ಮತ್ತೆ ನೇರ ತಿವಿತ. ಮೌಸ್ ಸರಿಸಿದ ಕಡೆಯಿಂದ ಕತ್ತಿ ಏಳುತ್ತದೆ, ಎಡ ಬಟನ್ ಬಿಟ್ಟರೆ ಬೀಳುತ್ತದೆ. ಬಲ ಬಟನ್ ತಡೆಗೆ.

ಕೈಯಲ್ಲಿ ಕತ್ತಿ ಮಾತ್ರ ಇದ್ದರೆ ಏಟು ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಗೇ ತಡೆ ಹಿಡಿಯಬೇಕು. ಎದುರಿನವನು ಮೇಲೆ ಎತ್ತಿದ್ದಾನೆ, ನೀವು ಎಡಕ್ಕೆ ತಡೆ ಹಿಡಿದಿದ್ದೀರಿ ಅಂದರೆ ತಲೆ ಹೋಯಿತು. ಗುರಾಣಿ ಇದ್ದರೆ ಈ ತಲೆನೋವೇ ಇಲ್ಲ. ಬಲ ಬಟನ್ ಒತ್ತಿ ಹಿಡಿದರೆ ಸಾಕು, ಎದುರಿನಿಂದ ಬರುವ ನಾಲ್ಕೂ ಏಟು ನಿಲ್ಲುತ್ತವೆ. ಮೇಲಾಗಿ ಬಾಣವನ್ನೂ ತಡೆಯುತ್ತದೆ. ಕತ್ತಿಯಿಂದ ಬಾಣ ತಡೆಯುವುದು ಈ ಆಟದಲ್ಲಿ ಸಾಧ್ಯವಿಲ್ಲ.

ಅಂದರೆ ಗುರಾಣಿ ನಿಮ್ಮಿಂದ ಒಂದು ತೀರ್ಮಾನದ ಭಾರವನ್ನು ಇಳಿಸುತ್ತದೆ. ಅಷ್ಟು ದೊಡ್ಡ ಉಪಕಾರವನ್ನು ಆಟ ಪುಕ್ಕಟೆ ಮಾಡುವುದಿಲ್ಲ. ಬೆಲೆಯನ್ನು ಎಲ್ಲೋ ಒಂದು ಕಡೆ ವಸೂಲಿ ಮಾಡೇ ಮಾಡುತ್ತದೆ. ಹೊಸ ಆಟ ಶುರು ಮಾಡಿದಾಗಲೆಲ್ಲ ನಾನು ಮೊದಲು ಹುಡುಕುವುದು ಅದನ್ನೇ: ಇಲ್ಲಿ ಗುರಾಣಿಯ ಬೆಲೆ ಎಲ್ಲಿದೆ?

ವಾರ್‌ಬ್ಯಾಂಡ್‌ನಲ್ಲಿ ಅದು ನಾಲ್ಕೈದು ಕಡೆ ಹಂಚಿಹೋಗಿದೆ. ಗುರಾಣಿಗೆ ಆಯಸ್ಸಿದೆ, ಏಟು ತಿಂದು ತಿಂದು ಒಡೆಯುತ್ತದೆ. ಒಂದು ಕೈಯ ಕತ್ತಿ ಗಿಡ್ಡ, ಏಟೂ ಹಗುರ. ನಾಲ್ಕು ಆಯುಧದ ಜಾಗದಲ್ಲಿ ಒಂದನ್ನು ಗುರಾಣಿ ತಿನ್ನುತ್ತದೆ. ತಡೆ ಹಿಡಿದೇ ಇದ್ದರೆ ಹೊಡೆಯೋಕೆ ಆಗಲ್ಲ. ಮತ್ತೆ ಬೆನ್ನು, ಪಕ್ಕೆ ಬರಿದು.

ಬೇರೆ ಆಟಗಳಲ್ಲಿ ವಸೂಲಿ ಬೇರೆ ಥರ. 2019ರ ಮೋರ್ಡ್‌ಹೌನಲ್ಲಿ ಬೆಲೆ ದಮ್ಮಿನ ಲೆಕ್ಕದಲ್ಲಿದೆ. ತಡೆದ ಪ್ರತಿ ಏಟಿಗೂ ಸ್ಟ್ಯಾಮಿನಾ ಸೋರುತ್ತದೆ, ಪೂರ್ತಿ ಖಾಲಿಯಾದ ಮೇಲೆ ತಡೆದರೆ ಕೈಯಲ್ಲಿದ್ದದ್ದು ಹಾರಿ ಬೀಳುತ್ತದೆ. 2017ರ ಫಾರ್ ಆನರ್‌ನಲ್ಲಿ ವಾರ್‌ಲಾರ್ಡ್, ಕಾಂಕರರ್ ಥರದ ಗುರಾಣಿಯವರು ಎಲ್ಲ ದಿಕ್ಕನ್ನೂ ಒಟ್ಟಿಗೆ ಮುಚ್ಚಿ ನಿಲ್ಲಬಹುದು, ಆದರೆ ಗಾರ್ಡ್‌ಬ್ರೇಕ್, ಅಂದರೆ ತಡೆಯನ್ನೇ ಮುರಿಯುವ ಪಟ್ಟು, ಹಾಕಿದರೆ ಅವರ ಕೋಟೆ ಬಿತ್ತು. ಬ್ಯಾನರ್‌ಲಾರ್ಡ್‌ನಲ್ಲಿ ಇನ್ನೂ ಜಾಣತನ ಮಾಡಿದ್ದಾರೆ. ಗುರಾಣಿ ಎಲ್ಲ ದಿಕ್ಕನ್ನೂ ತಡೆಯುತ್ತದೆ, ಆದರೆ ಸರಿಯಾದ ದಿಕ್ಕಿಗೆ ಹಿಡಿದರೆ ಕಡಿಮೆ ಸವೆಯುತ್ತದೆ. ಸೋಮಾರಿಗೂ ಕೆಲಸ ಮಾಡುತ್ತದೆ, ಶ್ರಮ ಪಟ್ಟವನಿಗೆ ಜಾಸ್ತಿ ದಿನ ಬಾಳುತ್ತದೆ. ನನಗೆ ತುಂಬ ಹಿಡಿಸಿದ ಏರ್ಪಾಡು ಇದು.

ಹೆಜ್ಜೆ 2: ಗುರಾಣಿ ಬದಿಗಿಟ್ಟು ಒಂದು ವಾರ ಆಡಿ

ವಿಚಿತ್ರ ಅನ್ನಿಸಬಹುದು. ಆದರೆ ಗುರಾಣಿಯನ್ನು ಚೆನ್ನಾಗಿ ಬಳಸಬೇಕಾದರೂ ಮೊದಲು ಅದಿಲ್ಲದೆ ಬದುಕಲು ಕಲಿಯಬೇಕು. ಯಾಕೆಂದರೆ ಅದು ಒಡೆಯುವುದು ಖಂಡಿತ. ಒಡೆದ ಮೇಲಿನ ಹತ್ತು ಸೆಕೆಂಡಿನಲ್ಲೇ ಗುರಾಣಿಯವರು ಹೆಚ್ಚಾಗಿ ಸಾಯುವುದು. ಅಷ್ಟು ಹೊತ್ತು ದಿಕ್ಕು ನೋಡದೇ ಇದ್ದ ಕಣ್ಣಿಗೆ ಥಟ್ಟನೆ ದಿಕ್ಕು ಕಾಣುವುದಿಲ್ಲ.

ಅಭ್ಯಾಸ ಹೀಗೆ. ಡ್ಯುಯೆಲ್, ಅಂದರೆ ಒಬ್ಬನ ಎದುರು ಒಬ್ಬನ ಕಾಳಗ, ನಡೆಯುವ ಸರ್ವರ್‌ಗೆ ಹೋಗಿ, ಇಲ್ಲವೇ ಗೆಳೆಯನೊಬ್ಬನನ್ನು ಕೂರಿಸಿಕೊಳ್ಳಿ. ಅವನು ಹೊಡೆಯಲಿ, ನೀವು ಬರೀ ತಡೆಯಿರಿ. ತಿರುಗಿ ಹೊಡೆಯುವ ಆಸೆಯನ್ನು ಅದುಮಿಡಿ. ಅವನ ಕತ್ತಿಯ ತುದಿ ನೋಡಬೇಡಿ, ಅದು ಕಣ್ಣಿಗೆ ಮೋಸ ಮಾಡುತ್ತದೆ. ಭುಜ ಮತ್ತು ಮೊಣಕೈ ನೋಡಿ. ಮೇಲಿನ ಏಟಿಗೆ ಮೊಣಕೈ ತಲೆಗಿಂತ ಮೇಲೆ ಹೋಗುತ್ತದೆ, ತಿವಿತಕ್ಕೆ ಹಿಂದಕ್ಕೆ ಸರಿಯುತ್ತದೆ. ಎರಡು ದಿನದಲ್ಲಿ ಇದು ಮೈಗೆ ಹತ್ತುತ್ತದೆ.

ಆಮೇಲೆ ಅವನಿಗೆ ಫೀಂಟ್ ಮಾಡಲು ಹೇಳಿ. ಅಂದರೆ ಎಡಕ್ಕೆ ಎತ್ತಿ, ನೀವು ಎಡಕ್ಕೆ ತಡೆ ಹಿಡಿಯುತ್ತಿದ್ದ ಹಾಗೆ ಅದನ್ನು ಬಿಟ್ಟು ಮೇಲಿನಿಂದ ಹೊಡೆಯುವುದು. ಇಲ್ಲಿ ಒಂದು ಸೂಕ್ಷ್ಮ ಇದೆ. ದೊಡ್ಡ ಕೊಡಲಿಗಳಲ್ಲಿ ತಿವಿಯುವ ಏಟಿಲ್ಲ, ಮೂರೇ ದಿಕ್ಕು. ಉದ್ದ ಕತ್ತಿಯಲ್ಲಿ ನಾಲ್ಕೂ ಇವೆ. ಹಾಗಾಗಿ ಎದುರಿನವನ ಕೈಯಲ್ಲಿ ಏನಿದೆ ಅಂತ ಮೊದಲು ನೋಡಿದರೆ ನಿಮ್ಮ ಊಹೆಯ ಕಷ್ಟದಲ್ಲಿ ಕಾಲು ಭಾಗ ಅಲ್ಲೇ ಕಳೆಯಿತು.

ಒಂದು ಮಾತು ನಮ್ಮ ಕಡೆಯವರಿಗೆ. ಬೆಂಗಳೂರಿನಿಂದ ಯುರೋಪಿನ ಸರ್ವರ್‌ಗಳಿಗೆ ನನಗೆ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಹೊತ್ತು, 150 ಮಿಲಿಸೆಕೆಂಡಿನ ಮೇಲೇ ಇರುತ್ತದೆ. ಅಷ್ಟು ತಡವಾಗಿ ಕಾಣುವ ಫೀಂಟ್ ನೋಡಿ ತಡೆಯುವುದು ಬಹಳ ಕಷ್ಟ. ನೀವು ಏನೂ ತಪ್ಪು ಮಾಡದೆ ಸಾಯುತ್ತೀರಿ. ಅಂಥ ಸರ್ವರ್‌ನಲ್ಲಿ ಗುರಾಣಿ ಹಿಡಿದರೆ ನಾಚಿಕೆ ಪಡಬೇಕಿಲ್ಲ. ಎದುರಿನವನ ಇಂಟರ್ನೆಟ್ಟು ನಿಮ್ಮದಕ್ಕಿಂತ ಚೆನ್ನಾಗಿದೆ, ಅಷ್ಟೇ.

ಹೆಜ್ಜೆ 3: ಗುರಾಣಿಯವನನ್ನು ಒಡೆಯುವುದು

ಈಗ ನಿಮ್ಮ ಕೈಯಲ್ಲಿ ಎರಡು ಕೈಯ ಆಯುಧ. ಎದುರಿಗೆ ಗುರಾಣಿ ಎತ್ತಿಕೊಂಡು ನಿಂತವನು. ಹೊಸಬರು ಮಾಡುವ ತಪ್ಪು ಒಂದೇ: ಗುರಾಣಿಗೇ ಚಚ್ಚುತ್ತಾ ಹೋಗುವುದು. ಕೈಯಲ್ಲಿರುವುದು ಕತ್ತಿಯಾಗಿದ್ದರೆ ಅದು ದಂಡ. ನಿಮ್ಮ ಪ್ರತಿ ಏಟು ಗುರಾಣಿಗೆ ಬಡಿದಾಗ ನೀವು ಒಂದು ಕ್ಷಣ ತಡವರಿಸುತ್ತೀರಿ, ಆ ಕ್ಷಣದಲ್ಲಿ ಅವನ ಗಿಡ್ಡ ಕತ್ತಿ ಬರುತ್ತದೆ.

ಕೊಡಲಿಯಾಗಿದ್ದರೆ ಕಥೆ ಬೇರೆ. ಕೊಡಲಿಗಳಿಗೆ ಗುರಾಣಿಯ ಮೇಲೆ ಹೆಚ್ಚಿನ ಪೆಟ್ಟು ಅಂತ ಆಟವೇ ಬರೆದು ತೋರಿಸುತ್ತದೆ, ಆಯುಧದ ಮೇಲೆ ಮೌಸ್ ಇಟ್ಟು ಓದಿ. ದೊಡ್ಡ ಕೊಡಲಿಯ ಕೆಲವೇ ಏಟಿಗೆ ಸಾಧಾರಣ ಮರದ ಗುರಾಣಿ ಪುಡಿ. ಆಟದ ಪಾಳೆಯಗಳಲ್ಲಿ ಒಂದಾದ ನಾರ್ಡ್ ಕಡೆಯವರು ಎಸೆಯುವ ಕೊಡಲಿಯೂ ಗುರಾಣಿಯನ್ನು ತಿನ್ನುತ್ತದೆ. ದೊಡ್ಡ ಸುತ್ತಿಗೆಗಳಿಗೆ ಇನ್ನೊಂದು ಗುಣ. ಮೇಲಿನಿಂದ ಬಿಟ್ಟ ಏಟು ಕೆಲವು ಸಲ ತಡೆಯನ್ನೇ ಜಜ್ಜಿಕೊಂಡು ಒಳಗೆ ಬರುತ್ತದೆ. ಆದರೆ ಸುತ್ತಿಗೆ ನಿಧಾನ. ತಪ್ಪಿದರೆ ನೀವು ಖಾಲಿ ಗೋಣಿಚೀಲದ ಹಾಗೆ ನಿಂತಿರುತ್ತೀರಿ.

ಕತ್ತಿಯೊಂದೇ ಇದ್ದರೆ ಒದೆಯೇ ಗತಿ. ಕೀಬೋರ್ಡಿನಲ್ಲಿ ಇ. ಒದೆಯನ್ನು ಗುರಾಣಿ ತಡೆಯಲಾರದು. ಒದೆ ಬಿದ್ದರೆ ಅವನು ಒಂದು ಗಳಿಗೆ ತತ್ತರಿಸುತ್ತಾನೆ, ಆಗ ಒಂದು ಪುಕ್ಕಟೆ ಏಟು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಒದೆಯನ್ನು ತಪ್ಪು ಹೊತ್ತಿನಲ್ಲಿ ಹಾಕಿ ಸಾಯುತ್ತಾರೆ.

ಅವನು ಗುರಾಣಿ ಎತ್ತಿಕೊಂಡು ಬರುತ್ತಿದ್ದಾನೆ. ನೀವು ಬಲದಿಂದ ಕತ್ತಿ ಎತ್ತಿ, ಹೊಡೆಯದೆ ಹಾಗೇ ಹಿಡಿದುಕೊಳ್ಳಿ. ಅವನು ಹೆದರಿ ಗುರಾಣಿ ಇಳಿಸುವುದಿಲ್ಲ. ಹೊಡೆಯಲು ಅವನು ಗುರಾಣಿ ಇಳಿಸಲೇಬೇಕು, ಇಳಿಸಿದರೆ ನಿಮ್ಮ ಉದ್ದ ಕತ್ತಿ ಮೊದಲು ಮುಟ್ಟುತ್ತದೆ. ಅದು ಅವನಿಗೂ ಗೊತ್ತು. ಹಾಗಾಗಿ ಅವನು ಮೈಗೆ ಮೈ ತಾಗುವಷ್ಟು ಹತ್ತಿರ ಬರಲು ನೋಡುತ್ತಾನೆ, ಅಲ್ಲಿ ಗಿಡ್ಡ ಕತ್ತಿಯದ್ದೇ ರಾಜ್ಯ. ಬರಲಿ ಬಿಡಿ. ಹತ್ತಿರ ಬಂದ ಕೂಡಲೇ ಎತ್ತಿದ ಏಟನ್ನು ರದ್ದು ಮಾಡಿ ಒದೆಯಿರಿ. ಅವನು ಇನ್ನೂ ಕತ್ತಿಯ ಏಟಿಗೇ ಕಾಯುತ್ತಿದ್ದಾನೆ. ಒದೆ ತಗುಲಿತು, ಮೇಲಿನಿಂದ ಒಂದು ಇಳಿಸಿ. ಇದು ಅವನು ನಿಮ್ಮತ್ತ ನಡೆದು ಬರುವಾಗ ಮಾತ್ರ. ಅವನು ಹಿಂದೆ ಸರಿಯುತ್ತಿರುವಾಗ ಒದ್ದರೆ ಕಾಲು ಗಾಳಿಗೆ, ತಲೆ ನೆಲಕ್ಕೆ.

ಮತ್ತೊಂದು ದಾರಿ ಸುತ್ತು ಹಾಕುವುದು. ಗುರಾಣಿ ಎದುರನ್ನಷ್ಟೇ ಕಾಯುತ್ತದೆ. ಅವನ ಪಕ್ಕಕ್ಕೆ ಓಡಿ, ಬೀಸುವಾಗ ನೀವೂ ಏಟಿನ ದಿಕ್ಕಿಗೇ ತಿರುಗಿದರೆ ಕತ್ತಿ ಗುರಾಣಿಯ ಅಂಚು ದಾಟಿ ಹೋಗುತ್ತದೆ. ಓಡುತ್ತಾ ಹೊಡೆದರೆ ವೇಗಕ್ಕೆ ತಕ್ಕಂತೆ ಪೆಟ್ಟೂ ಜಾಸ್ತಿ.

ಹೆಜ್ಜೆ 4: ಗುರಾಣಿ ಹಿಡಿದು ಕೊಲ್ಲುವುದು

ಸದಾ ಎತ್ತಿ ಹಿಡಿಯಬೇಡಿ. ಎತ್ತಿದ ಗುರಾಣಿ ಎದುರಿನವನಿಗೆ "ನಾನು ಈಗ ಹೊಡೆಯಲ್ಲ" ಅಂತ ಬರೆದು ಕೊಟ್ಟ ಚೀಟಿ. ಕೆಳಗಿಟ್ಟುಕೊಂಡು ನಡೆಯಿರಿ, ಅವನ ಏಟು ಬಿಡುಗಡೆಯಾದ ಮೇಲೆ ಎತ್ತಿ, ತಗುಲಿದ ಶಬ್ದ ಕೇಳುತ್ತಿದ್ದ ಹಾಗೆ ಹೊಡೆಯಿರಿ. ಒಂದು ಕೈಯ ಕತ್ತಿಗೆ ಇರುವ ಆಸ್ತಿ ವೇಗ. ಭಾರದ ಕೊಡಲಿ ಮತ್ತೆ ಏಳುವುದರೊಳಗೆ ನಿಮ್ಮದು ಬಿದ್ದಿರಬೇಕು.

ಕೊಡಲಿಯವನ ಎದುರು ಅವನ ಏಟು ಮುಟ್ಟುವ ದೂರದಲ್ಲಿ ನಿಂತು ಗುರಾಣಿ ಒಡ್ಡಬೇಡಿ. ಅವನಿಗೆ ಬೇಕಿರುವುದೂ ಅದೇ. ಒಂದೋ ಅವನ ಅಳತೆಯ ಆಚೆ ಇರಿ, ಇಲ್ಲ ಮೂಗಿನ ಹತ್ತಿರ ಇರಿ. ನಡುವೆ ಇದ್ದರೆ ಸೌದೆ.

ಗುರಾಣಿಯ ಜೊತೆಗೆ ಬಾಸ್ಟರ್ಡ್ ಸೋರ್ಡ್ ಕೊಳ್ಳುವವರಿದ್ದಾರೆ. ಒಂದು ಕೈಗೂ ಆಗುತ್ತದೆ, ಎರಡಕ್ಕೂ ಆಗುತ್ತದೆ ಅನ್ನೋ ಆಸೆ. ಗುರಾಣಿ ಜೊತೆ ಹಿಡಿದರೆ ಅದರ ಏಟು ಮಂಕಾಗುತ್ತದೆ ಅನ್ನುವುದು ನೆನಪಿರಲಿ. ಆದರೂ ನನ್ನ ಮೆಚ್ಚಿನ ಜೋಡಿ ಅದೇ. ಬಯಲು ದಾಟುವಾಗ ಬಾಣಕ್ಕೆ ಗುರಾಣಿ ಎದುರು ಹಿಡಿಯಿರಿ, ಕೈಕೈ ಮಿಲಾಯಿಸುವ ಹೊತ್ತಿಗೆ ಬೆನ್ನಿಗೆ ಹಾಕಿ ಎರಡು ಕೈಯಲ್ಲಿ ಆಡಿ. ಬೆನ್ನಿಗಿದ್ದ ಗುರಾಣಿಯೂ ಹಿಂದಿನಿಂದ ಬರುವ ಬಾಣವನ್ನು ಹಿಡಿಯುತ್ತದೆ. ಎಷ್ಟೋ ಸಲ ರೌಂಡ್ ಮುಗಿದ ಮೇಲೆ ನೋಡಿದರೆ ಬೆನ್ನ ಮೇಲೆ ನಾಲ್ಕು ಬಾಣ ಮುಳ್ಳುಹಂದಿಯ ಹಾಗೆ ನಿಂತಿರುತ್ತಿದ್ದವು.

ಒಡೆದರೆ ಹೆದರಬೇಡಿ. ನೆಲ ನೋಡಿ. ಸತ್ತವರ ಗುರಾಣಿ ಬಿದ್ದಿರುತ್ತದೆ, ಎಫ್ ಒತ್ತಿದರೆ ನಿಮ್ಮದು.

ಹೆಜ್ಜೆ 5: ತಲೆ ಎಣಿಸಿ, ಆಮೇಲೆ ಆಯುಧ ಕೊಳ್ಳಿ

ಯಾವುದು ಮೇಲು ಅನ್ನುವ ಜಗಳ ಬಗೆಹರಿಯದೇ ಇರುವುದಕ್ಕೆ ಕಾರಣ ಇಲ್ಲಿದೆ. ಒಬ್ಬನ ಎದುರು ಒಬ್ಬ ನಿಂತರೆ, ತಡೆ ಚೆನ್ನಾಗಿ ಬರುವವನಿಗೆ ಗುರಾಣಿ ಬೇಕಿಲ್ಲ. ಉದ್ದ ಕತ್ತಿಯ ಅಳತೆ, ಏಟಿನ ಭಾರ ಎರಡೂ ಅವನ ಕಡೆ. ಅದಕ್ಕೇ ಡ್ಯುಯೆಲ್ ಆಡುವವರು ಗುರಾಣಿಯವರನ್ನು ಕೀಳಾಗಿ ನೋಡುವುದು.

ಇಬ್ಬರು ಎದುರಾದ ಕೂಡಲೇ ಲೆಕ್ಕ ತಲೆಕೆಳಗು. ಒಬ್ಬ ಎಡದಿಂದ, ಇನ್ನೊಬ್ಬ ಮೇಲಿನಿಂದ ಒಟ್ಟಿಗೆ ಹೊಡೆದರೆ ಕತ್ತಿಯಿಂದ ಒಂದನ್ನಷ್ಟೇ ತಡೆಯಬಹುದು. ಗುರಾಣಿ ಎರಡನ್ನೂ ತಡೆಯುತ್ತದೆ, ಇಬ್ಬರೂ ಎದುರಿಗಿರುವವರೆಗೆ. ಮೂರನೆಯವನು ಬಿಲ್ಲು ಹಿಡಿದಿದ್ದರಂತೂ ಕೇಳುವುದೇ ಬೇಡ. ಸರ್ವರ್ ದೊಡ್ಡದಾದಷ್ಟೂ ಗುರಾಣಿಯ ಬೆಲೆ ಏರುತ್ತದೆ, ಕೌಶಲ ಹೆಚ್ಚಿದಷ್ಟೂ ಇಳಿಯುತ್ತದೆ.

ಹಾಗಾಗಿ ಬ್ಯಾಟಲ್ ಆಟದಲ್ಲಿ, ಅಂದರೆ ಸತ್ತರೆ ಮುಂದಿನ ರೌಂಡ್‌ವರೆಗೂ ಕೂರಬೇಕಾದ ಕಡೆ, ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ಗುರಾಣಿಗೆ ಹಾಕಿ. ಕೋಟೆ ಮುತ್ತಿಗೆಯಲ್ಲಿ ಗೋಡೆ ಕಾಯುವವರಾದರೆ ಕಿರಿದಾದ ಮೆಟ್ಟಿಲ ಮೇಲೆ ಮುಂದೆ ಗುರಾಣಿಯವರು ಇಬ್ಬರು, ಅವರ ಹೆಗಲ ಮೇಲಿಂದ ಉದ್ದ ಆಯುಧದವನೊಬ್ಬ. ಹಿಂದಿನವನು ಮೇಲಿನ ಏಟು ಅಥವಾ ತಿವಿತ ಮಾತ್ರ ಹಾಕಬೇಕು. ಅಡ್ಡ ಬೀಸಿದರೆ ಏಟು ಪಕ್ಕದವನ ತಲೆಯಲ್ಲೇ ನಿಲ್ಲುತ್ತದೆ. ನನ್ನನ್ನು ಆಚೆ ಹಾಕಿಸಿದ ಆ ಮೊದಲ ರಾತ್ರಿಯ ಪಾಠ ಇದು. ಗುಂಪಿನಲ್ಲಿ ದೊಡ್ಡ ಕೊಡಲಿಯವನಿಗೆ ಬೇಕಾದದ್ದು ಜಾಗ. ಸಾಲಿನ ತುದಿಯಲ್ಲಿ ನಿಲ್ಲಲಿ, ಎದುರಿನವರ ಗಮನ ನಮ್ಮ ಗುರಾಣಿಗಳ ಮೇಲಿರುವಾಗ ಪಕ್ಕದಿಂದ ನುಗ್ಗಲಿ.

ಹೆಜ್ಜೆ 6: ಸರ್ವರ್ ನಿಮ್ಮದೇ ಆದರೆ

ನಾವು ಏಳೆಂಟು ಜನ ಶನಿವಾರ ರಾತ್ರಿ ಆಡುತ್ತಿದ್ದೆವು. ಮೊದಮೊದಲು ಎಲ್ಲರೂ ಎರಡು ಕೈಯ ಕತ್ತಿಯನ್ನೇ ಕೊಳ್ಳುತ್ತಿದ್ದರು, ಗುರಾಣಿ ಮುಟ್ಟುವವರೇ ಇಲ್ಲ. ಕತ್ತಿ ಜಾಸ್ತಿ ಬಲವಾಯಿತು, ನರ್ಫ್ ಮಾಡಬೇಕು, ಅಂದರೆ ಅದರ ಬಲ ಇಳಿಸಬೇಕು ಅಂತ ದೊಡ್ಡ ಚರ್ಚೆ. ಕಡೆಗೆ ನೋಡಿದರೆ ಅಡ್ಮಿನ್ ಪ್ಯಾನೆಲ್‌ನಲ್ಲಿ ತಡೆಯ ದಿಕ್ಕು ಅನ್ನೋ ಆಯ್ಕೆ ಆಟೋಮ್ಯಾಟಿಕ್‌ನಲ್ಲಿತ್ತು! ಬಟನ್ ಒತ್ತಿದರೆ ಆಟವೇ ದಿಕ್ಕು ಹುಡುಕಿ ತಡೆಯುತ್ತಿತ್ತು. ಗುರಾಣಿ ಉಳಿಸಿಕೊಡುವ ತೀರ್ಮಾನವನ್ನು ಎಲ್ಲರಿಗೂ ಪುಕ್ಕಟೆ ಹಂಚಿದರೆ ಗುರಾಣಿಗೆ ಯಾರು ದುಡ್ಡು ಕೊಡುತ್ತಾರೆ? ಮೌಸ್ ಚಲನೆಯಿಂದ ಅಂತ ಬದಲಿಸಿದೆವು. ಮುಂದಿನ ವಾರವೇ ಮೂರು ಗುರಾಣಿ ಕಂಡವು.

ಆದ್ದರಿಂದ ಆಯುಧದ ಅಂಕಿಗೆ ಕೈ ಹಾಕುವ ಮೊದಲು ಆ ಪ್ಯಾನೆಲ್ ಪೂರ್ತಿ ನೋಡಿ. ಸ್ವಂತ ಟೀಮಿಗೆ ಬಿದ್ದ ಏಟಿಗೆ ಎಷ್ಟು ಪೆಟ್ಟು ಅನ್ನುವುದೂ ಅಲ್ಲೇ ಇದೆ. ಅದನ್ನು ಸೊನ್ನೆ ಮಾಡಿದರೆ ಗುಂಪಿನಲ್ಲಿ ಕಣ್ಣುಮುಚ್ಚಿ ಬೀಸುವವರಿಗೆ ಹಬ್ಬ. ಹೋರಾಟದ ವೇಗವನ್ನು ಏರಿಸಿದರೆ ನೋಡಿ ತಡೆಯುವುದು ಕಷ್ಟವಾಗುತ್ತದೆ, ಗುರಾಣಿಗೆ ಲಾಭ. ಇಳಿಸಿದರೆ ಉಲ್ಟಾ.

ಇಷ್ಟಾದರೂ ಎರಡರ ಬಲ ಸರಿತೂಗುತ್ತಿಲ್ಲ ಅನ್ನಿಸಿದರೆ ಮಾಡ್ ಮಾಡುವ, ಅಂದರೆ ಆಟದ ಕಡತಗಳನ್ನೇ ತಿದ್ದುವ, ದಾರಿ ಇದೆ. ಅದಕ್ಕೆ ಬೇಕಾದ ವಾರ್‌ಬ್ಯಾಂಡ್‌ನ ಮಾಡ್ಯೂಲ್ ಸಿಸ್ಟಂ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಕಡತಗಳಲ್ಲಿದೆ. ಪ್ರತಿ ಗುರಾಣಿಗೂ ಆಯಸ್ಸು, ಗಟ್ಟಿತನ, ಅಗಲ, ತೂಕ ಬೇರೆ ಬೇರೆ ಅಂಕಿ. ಆಯುಧಗಳಿಗೆ ಗುರಾಣಿ ಒಡೆಯುವ ಗುಣ, ತಡೆ ಜಜ್ಜುವ ಗುಣ, ಗುರಾಣಿ ಜೊತೆ ಹಿಡಿದರೆ ಕುಂದುವ ಗುಣ ಒಂದೊಂದು ಗುರುತಾಗಿ ಸಿಗುತ್ತವೆ. ಮೂಲ ಕಡತಗಳ ಒಂದು ಪ್ರತಿ ತೆಗೆದಿಟ್ಟು ಶುರು ಮಾಡಿ. ಕತ್ತಿಯ ಪೆಟ್ಟು ಇಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಕೊನೆಯದಾಗಿರಲಿ. ಪೆಟ್ಟು ಇಳಿಸಿದರೆ ಗುರಾಣಿ ಇಲ್ಲದವರ ಮೇಲೂ ಆ ಕತ್ತಿ ಸಪ್ಪೆಯಾಗುತ್ತದೆ. ನೀವು ಸರಿಮಾಡಬೇಕಿದ್ದದ್ದು ಗುರಾಣಿ ಮತ್ತು ಕತ್ತಿಯ ನಡುವಿನದ್ದು ಅಲ್ವಾ? ಗುರಾಣಿಯ ಆಯಸ್ಸನ್ನು ಸ್ವಲ್ಪ ಏರಿಸಿಯೋ ಇಳಿಸಿಯೋ ನೋಡಿ, ಉಳಿದದ್ದು ಕದಲುವುದಿಲ್ಲ.

ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ. ಆಮೇಲೆ ಪರೀಕ್ಷೆ. ಇಬ್ಬರು ಸಮಬಲದವರು ಹತ್ತು ಸಲ ಆಡಲಿ, ಆಯುಧ ಅದಲು ಬದಲು ಮಾಡಿ ಮತ್ತೆ ಹತ್ತು. ಅದೇ ಬದಲಾವಣೆಯನ್ನು ಇಬ್ಬರ ಎದುರು ಇಬ್ಬರು, ನಾಲ್ವರ ಎದುರು ನಾಲ್ವರು ಹೀಗೂ ಆಡಿಸಿ. ಬರೀ ಡ್ಯುಯೆಲ್ ನೋಡಿ ತಿದ್ದಿದರೆ ಏನಾಗುತ್ತದೆ ಅಂತ ನಾವೇ ಅನುಭವಿಸಿದ್ದೇವೆ. ಗುರಾಣಿ ಸೋಲುತ್ತಿದೆ ಅಂತ ಅದರ ಆಯಸ್ಸನ್ನು ದುಪ್ಪಟ್ಟು ಮಾಡಿದೆವು. ಡ್ಯುಯೆಲ್ ಸೊಗಸಾಯಿತು. ನಾಲ್ವರ ಆಟಕ್ಕೆ ಕೂತರೆ ಎರಡೂ ಕಡೆ ಗುರಾಣಿ ಎತ್ತಿಕೊಂಡು ಎದುರುಬದುರು ನಿಂತರು. ಯಾರೂ ಮೊದಲು ಹೊಡೆಯಲಿಲ್ಲ, ಗುರಾಣಿ ಒಡೆಯುವ ಆಸೆಯೂ ಯಾರಿಗೂ ಉಳಿದಿರಲಿಲ್ಲ. ಒಬ್ಬ ಅಡುಗೆಮನೆಗೆ ಹೋಗಿ ಮಂಡಕ್ಕಿ ತಂದು ಕೂತ. ಅವನ ಯೋಧ ಗುರಾಣಿ ಇಳಿಸಿ ಸುಮ್ನೆ ನಿಂತಿದ್ದ, ಆದರೂ ಹೊಡೆಯಲು ಯಾರೂ ಮುಂದೆ ಬರಲಿಲ್ಲ. ಕಡತ ತೆಗೆದು ಹಳೆಯ ಅಂಕಿಯನ್ನೇ ಹಾಕಿ, ಗುರಾಣಿಯ ತೂಕವನ್ನು ಮಾತ್ರ ಸ್ವಲ್ಪ ಇಳಿಸಿದೆವು.